ರಾಜಧಾನಿಯಲ್ಲಿ ತಗ್ಗು ತೋಡುವ ಮಾಮಾ

ಅತಿ ಹೆಚ್ಚು ನೆಲ ಅಗೆದು ಅತಿ ಕಡಿಮೆ ಪಡೆದ ಮನುಷ್ಯ ಯಾರು ಎಂದು ಯಾರಾದರೂ ಸ್ಪರ್ಧೆ ಇಟ್ಟರೆ, ಬಹುಮಾನ ಬೇರೆ ಯಾರ ಮನೆಗೂ ಹೋಗುವುದಿಲ್ಲ, ನೆಟ್ಟಗೆ ನಮ್ಮ ಸೋದರಮಾವನ ಮನೆಗೇ ಬರುತ್ತದೆ. ಬಹುಮಾನ ತರುವವರಿಗೆ ನನ್ನದೊಂದು ಸೂಚನೆ: ಅಂಗಳದಲ್ಲಿ ನೋಡಿಕೊಂಡು ಕಾಲಿಡಿ! ಎಲ್ಲಿ ನೆಲವಿದೆ, ಎಲ್ಲಿ ತಗ್ಗಿನ ಮೇಲೆ ಜೋಳದ ಕಣಿಕೆ ಹಾಸಿದ್ದಾರೆ ಎಂದು ಹೇಳುವುದು ಕಷ್ಟ. ತೋಡಿದ ಮಾಮಾನಿಗೇ ಅದು ನೆನಪಿರುವುದಿಲ್ಲ.

ಮಾಮಾ ಇರುವುದು ಮಳಖೇಡದಲ್ಲಿ. ಹಾಗೆಂದರೆ ಅವನಿಗೆ ಸಿಟ್ಟು ಬರುತ್ತದೆ, ರಾಜಧಾನಿಯಲ್ಲಿ ಎನ್ನಬೇಕು. ಸಾವಿರ ವರ್ಷದ ಹಿಂದೆ ರಾಷ್ಟ್ರಕೂಟರು ಇಲ್ಲಿ ಕುಳಿತು ಅರ್ಧ ದೇಶ ಆಳಿದ್ದು ನಿಜ. ಅವರು ಎದ್ದುಹೋಗಿ ಬಹಳ ಕಾಲವಾಯಿತು, ಈಗ ಬಸ್ಸು ಕೂಡ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬುದೂ ನಿಜ. ಆದರೆ ಮಾಮಾನ ಮಟ್ಟಿಗೆ ರಾಜರು ಸೇಡಂ ಸಂತೆಗೆ ಹೋಗಿದ್ದಾರೆ ಅಷ್ಟೇ, ಸಂಜೆಗೆ ಬರುತ್ತಾರೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನಿಂದ ನಾನು ರಜೆಗೆ ಹೋದಾಗಲೆಲ್ಲ ಅವನ ಮೊದಲ ಪ್ರಶ್ನೆ ಒಂದೇ. ಅವ್ವ ಹೇಗಿದ್ದಾಳೆ, ಅಪ್ಪನ ಡ್ಯೂಟಿ ಎಲ್ಲಿ ಎಂಬುದೆಲ್ಲ ಆಮೇಲೆ. ನಿಮ್ಮ ಕಡೆ ಯಾರಾದರೂ ಪಾಯ ತೆಗೆಯುತ್ತಿದ್ದಾರೇನು, ಏನಾದರೂ ಸಿಕ್ಕಿತೇನು? ವಾಡಿಯಲ್ಲಿ ಸಿಗುವುದು ಸಿಮೆಂಟಿನ ಧೂಳು ಮಾತ್ರ ಎಂದರೆ ಅವನಿಗೆ ನಮ್ಮ ಊರಿನ ಮೇಲೆ ನಿಜವಾಗಿಯೂ ಕನಿಕರ ಹುಟ್ಟುತ್ತಿತ್ತು.

ಮಳಖೇಡದಲ್ಲಿ ಇತಿಹಾಸವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಂದು ಕಾಲಿಗೆ ತೊಡರುತ್ತದೆ. ಹೋಟೆಲಿನವನು ಚಹಾಕ್ಕೆ ಶುಂಠಿ ಜಜ್ಜುವ ಕಲ್ಲಿನ ಅಂಚಿನಲ್ಲಿ ಹಂಸಗಳು ಸಾಲಾಗಿ ನಡೆದಿವೆ. ಹಿಟ್ಟಿನ ಗಿರಣಿಯ ಮೆಟ್ಟಿಲಿಗೆ ಸಿಂಹದ ಮುಖವಿದೆ, ಜೋಳ ಬೀಸಿಸಲು ಬಂದವರು ಅದರ ಹಲ್ಲಿನ ಮೇಲೆ ಕಾಲಿಟ್ಟೇ ಒಳಗೆ ಹೋಗಬೇಕು. ಒಬ್ಬರ ಮನೆಯಲ್ಲಿ ಎಮ್ಮೆ ಕಟ್ಟುವ ಕಂಬ ಒಂದು ಕಾಲಕ್ಕೆ ಯಾವ ಮಂಟಪವನ್ನು ಹೊತ್ತಿತ್ತೋ ಏನೋ, ಎಮ್ಮೆ ದಿನವೂ ಮೈ ತಿಕ್ಕಿ ತಿಕ್ಕಿ ಅದಕ್ಕೆ ಪಾಲಿಶ್ ಹಾಕಿಟ್ಟಿದೆ. ಊರವರಿಗೆ ಇದೆಲ್ಲ ವಿಶೇಷವೇ ಅಲ್ಲ. ಅವರ ಹೆದರಿಕೆ ಬೇರೆ. ಮನೆಗೆ ಪಾಯ ತೆಗೆಯುವಾಗ ಮೂರ್ತಿಯೋ ಶಾಸನವೋ ಎದ್ದು ಕುಳಿತು ಕೆಲಸ ನಿಂತರೆ ಗತಿಯೇನು? ಅದಕ್ಕೇ ಗುದ್ದಲಿ ಪೂಜೆಯ ದಿನ ಕಾಯಿ ಒಡೆದು, ಏನೂ ಸಿಗದಿರಲಿ ತಂದೆ ಎಂದು ಬೇಡಿಕೊಳ್ಳುತ್ತಾರೆ. ಇಡೀ ಊರಿನಲ್ಲಿ ಸಿಗಲಿ ಎಂದು ಬೇಡಿಕೊಳ್ಳುವವನು ನಮ್ಮ ಮಾಮಾ ಒಬ್ಬನೇ. ದೇವರು ಇಬ್ಬರ ಅರ್ಜಿಯನ್ನೂ ಅದಲುಬದಲು ಮಾಡಿಕೊಂಡುಬಿಟ್ಟ. ಬೇಡ ಅಂದವರ ಅಂಗಳದಲ್ಲೆಲ್ಲ ಕೊಟ್ಟ, ಬೇಕು ಅಂದವನ ಅಂಗಳದಲ್ಲಿ ಒಂದು ಚೂರೂ ಕೊಡಲಿಲ್ಲ.

ಎದುರುಮನೆಯ ಗೌಡನನ್ನೇ ನೋಡಿ. ಮಾಮಾನ ಬಾಲ್ಯದ ಗೆಳೆಯ. ಅವನು ಪಾಯಖಾನೆಗೆಂದು ಗುಂಡಿ ತೋಡಿಸಿದರೆ, ಚಾಮರ ಹಿಡಿದು ನಿಂತ ಹೆಣ್ಣಿನ ಕಲ್ಲು ಎದ್ದು ಬಂತು! ಇಲಾಖೆಯ ಜೀಪು ಬಂತು, ಫೋಟೋದವರು ಬಂದರು, ಗುಂಡಿಯ ಪಕ್ಕ ಗೌಡ ಕೈಕಟ್ಟಿ ನಿಂತ ಚಿತ್ರ ಪೇಪರಿನಲ್ಲೂ ಬಂತು. ಮುಂದೆ ಅಗೆಯಬೇಡಿ ಎಂದು ಹೇಳಿಹೋದದ್ದರಿಂದ ಗೌಡನ ಮನೆಮಂದಿ ಮಳೆಗಾಲ ಮುಗಿಯುವವರೆಗೂ ಚೊಂಬು ಹಿಡಿದುಕೊಂಡು ಹೊಳೆಯ ಕಡೆ ಹೋಗಿಬರಬೇಕಾಯಿತು. ಮಾಮಾನಿಗೆ ಆ ಸಂಕಟ ಕಾಣಿಸಲೇ ಇಲ್ಲ. ಹೊಟ್ಟೆಕಿಚ್ಚಿಗೆ ಹಲವು ದಿನ ಮಾತು ಬಿಟ್ಟಿದ್ದ. ಕೊನೆಗೊಂದು ದಿನ ಚೊಂಬಿನ ಸಮೇತ ಎದುರಾದ ಗೌಡನ ಭುಜ ಹಿಡಿದು, ನಿನ್ನ ನಸೀಬು ಏನು ನಸೀಬೋ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಗೌಡ ಅದನ್ನು ಸಹಾನುಭೂತಿ ಎಂದುಕೊಂಡು ತಾನೂ ಅತ್ತನಂತೆ.

ಮಾಮಾ ಹೊಟ್ಟೆಪಾಡಿಗೆ ಮಾಡಿದ್ದಾದರೂ ಏನು ಅಂತೀರಿ? ರಾವೂರಿನ ಹತ್ತಿರ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ಮುಕಾದಮನ ಕೆಲಸ. ಅಂದರೆ ಅಗೆಯುವವರ ಮೇಲೆ ನಿಂತು ಅಗೆಸುವುದು. ಎಳೆಯ ವಯಸ್ಸಿನಿಂದ ಅಲ್ಲೇ ಕೋಣೆ ಮಾಡಿಕೊಂಡಿದ್ದು, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಆ ಖಣಿಯಿಂದ ಎಷ್ಟು ಲಾರಿ ಕಲ್ಲು ಹೋಯಿತೋ, ಅಷ್ಟೂ ಬೋಳು, ಒಂದರ ಮೇಲೂ ಒಂದು ಹೂವಿಲ್ಲ, ಒಂದು ಬಳ್ಳಿಯಿಲ್ಲ. ಆ ಕೊರಗನ್ನೆಲ್ಲ ಕಟ್ಟಿಕೊಂಡು ನಿವೃತ್ತನಾಗಿ ಮನೆಗೆ ಬಂದ. ಬೇರೆಯವರು ನಿವೃತ್ತಿಯ ಮೇಲೆ ಮನೆ ಮುಂದಿನ ಕಟ್ಟೆಯ ಮೇಲೆ ಕೂರುತ್ತಾರೆ. ನಮ್ಮ ಮಾಮಾ ಕಟ್ಟೆಯನ್ನೇ ಅಗೆದ!

ಸುಮ್ಮನೆ ಅಗೆದರೆ ಅತ್ತಿ ಬಿಡಬೇಕಲ್ಲ. ಅತ್ತಿ ಎಂದರೆ ಮಾಮಾನ ಹೆಂಡತಿ, ಗಟ್ಟಿ ಹೆಣ್ಣುಮಗಳು. ಅವಳ ರೊಟ್ಟಿಯ ಬಡಿತ ಓಣಿಯ ಆ ತುದಿಗೆ ಕೇಳುತ್ತಿತ್ತು. ಹಾಗಾಗಿ ಪ್ರತಿ ತಗ್ಗಿಗೂ ಒಂದು ಕಾರಣ ಹುಟ್ಟಿಸಬೇಕಾಗುತ್ತಿತ್ತು. ಮಳೆ ನೀರು ಇಂಗಬೇಕು ಎಂದು ಒಂದು. ಮೂಲೆಯಲ್ಲಿ ಇರುವೆ ಆಗಿವೆ, ಗೂಡು ಎಲ್ಲಿದೆಯೋ ನೋಡಬೇಕು ಎಂದು ಇನ್ನೊಂದು. ಮೊದಲಿನ ಎರಡು ತಗ್ಗಿನಿಂದ ತೆಗೆದ ಮಣ್ಣು ಹಾಕಲು ಜಾಗವಿಲ್ಲ ಎಂದು ಮತ್ತೊಂದು! ಒಮ್ಮೆ ಗೇಣುದ್ದದ ಪೇರಲ ಸಸಿ ತಂದು, ಅದಕ್ಕೆಂದು ತನ್ನ ತಲೆಮಟ್ಟದ ತಗ್ಗು ತೋಡಿ ಒಳಗೆ ನಿಂತಿದ್ದ. ಮೇಲಿನಿಂದ ಮಾಮಾನ ಟೊಪ್ಪಿಗೆ ಮಾತ್ರ ಕಾಣುತ್ತಿತ್ತು. ಅತ್ತಿ ಬಂದು ಇಣುಕಿದಳು.

"ಇಷ್ಟು ತೆಳಗ ಸಸಿ ಇಟ್ರ ಹಣ್ಣು ಯಾರ್ ತಿಂತಾರ್ರಿ? ತೆಳಗಿನ ಮಂದಿಯೇನು?"

"ಅದೇ ನೋಡ್ಲಿಕತ್ತೀನಿ, ತೆಳಗ ಮಂದಿ ಅದಾರೋ ಇಲ್ಲೋ ಅಂತ," ಎಂದ ಮಾಮಾ, ತಲೆಯೆತ್ತದೆ.

ಆ ತಗ್ಗಿನಿಂದ ಬಂದದ್ದು ಒಂದು ಹವಾಯಿ ಚಪ್ಪಲಿ, ಸೋಡಾ ಬಾಟಲಿಯ ಗೋಲಿ, ಮತ್ತು ಸೋಪಿನ ಪುಡಿಯ ಪ್ಲಾಸ್ಟಿಕ್ ಪಾಕೀಟು. ಮಾಮಾ ಅವನ್ನೂ ತೊಳೆದು ಕಿಟಕಿಯಲ್ಲಿಟ್ಟ. ಇನ್ನೂ ಕೆಲವು ನೂರು ವರ್ಷ ಬಿಟ್ಟರೆ ಇವಕ್ಕೂ ಬೆಲೆ ಬರುತ್ತದಂತೆ. ಪೇರಲ ಸಸಿಯನ್ನು ಅಷ್ಟರಲ್ಲಿ ಮೇಕೆ ತಿಂದಿತ್ತು.

ಈ ಹುಚ್ಚು ಮನೆಯ ಅಂಗಳದಲ್ಲೇ ನಿಂತಿದ್ದರೆ ನನಗೇನೂ ತಕರಾರಿರಲಿಲ್ಲ. ನನ್ನ ಮದುವೆಗೂ ಬಂತು! ತೆಂಗಳಿಯಲ್ಲಿ ಒಂದು ಗಂಡು ಇದೆಯೆಂದು ಮನೆತನ ನೋಡಲು ಹಿರಿಯರೆಲ್ಲ ಹೋಗಿದ್ದರು, ಮಾಮಾನೂ ಜೊತೆಗಿದ್ದ. ಚಹಾ ಬಂತು, ಅವಲಕ್ಕಿ ಬಂತು, ಮಾಮಾ ಮಾತ್ರ ಇಲ್ಲ. ಹುಡುಕಿದರೆ, ಬೀಗರಾಗಬೇಕಾದವರ ದನದ ಕೊಟ್ಟಿಗೆಯ ಹಿಂದೆ ಬೋರಲು ಮಲಗಿದ್ದ. ಗೋಡೆಯ ಬುಡದ ಕಲ್ಲಿಗೆ ನೀರು ಹಾಕಿ ಧೋತರದ ಚುಂಗಿನಿಂದ ತಿಕ್ಕುತ್ತಿದ್ದ. ನಮ್ಮ ಅಪ್ಪ ನಾಚಿಕೆಯಿಂದ ನೆಲಕ್ಕಿಳಿದುಹೋದರಂತೆ. ಆದರೆ ಗಂಡಿನ ಮುತ್ಯಾ, ಅಂದರೆ ಅಜ್ಜ, ಬಂದು ನೋಡಿ ತಲೆದೂಗಿದರು. ಇಷ್ಟು ವರ್ಷದಲ್ಲಿ ಎಷ್ಟೋ ಮಂದಿ ಮನೆತನ ನೋಡಲು ಬಂದಿದ್ದಾರೆ, ಹೊಲ ನೋಡುತ್ತಾರೆ, ದನ ನೋಡುತ್ತಾರೆ, ಬುನಾದಿಯವರೆಗೆ ನೋಡಿದ ಬೀಗರು ಇವರೇ ಮೊದಲು, ಇಂಥವರ ಮನೆಯ ಹೆಣ್ಣು ಬೇಕೇ ಬೇಕು ಎಂದು ಅಲ್ಲೇ ವೀಳ್ಯ ತರಿಸಿದರು. ನಾನು ಇವತ್ತು ತೆಂಗಳಿಯ ಸೊಸೆಯಾಗಿರುವುದು ಆ ಬುನಾದಿಯ ಕಲ್ಲಿನಿಂದ. ಅದರ ಮೇಲೆ ಏನಾದರೂ ಇತ್ತೇ ಎಂದು ಆಮೇಲೆ ಮಾಮಾನನ್ನು ಕೇಳಿದೆ. ಸಗಣಿ ಇತ್ತು ಎಂದ.

ಆದರೆ ಒಂದು ಸಲ ಮಾತ್ರ ಮಾಮಾನ ಹುಚ್ಚಿಗೆ ನಿಜವಾದ ಪೆಟ್ಟು ಬಿತ್ತು. ಕಲಬುರಗಿಯಿಂದ ಇತಿಹಾಸ ಓದಿಸುವ ಒಬ್ಬ ಪ್ರಾಧ್ಯಾಪಕರು ಹುಡುಗರನ್ನು ಕರೆದುಕೊಂಡು ಕೋಟೆ ನೋಡಲು ಬಂದಿದ್ದರು. ಮಾಮಾ ಅವರನ್ನು ಬಿಡುತ್ತಾನೆಯೇ? ಮನೆಗೆ ಕರೆತಂದು, ಸುಸಲಾ ತಿನ್ನಿಸಿ, ಚಹಾ ಕುಡಿಸಿ, ಮೆಲ್ಲಗೆ ಅಂಗಳಕ್ಕೆ ಇಳಿಸಿದ. ಒಂದೊಂದೇ ತಗ್ಗು ತೋರಿಸಿದ. ಪ್ರಾಧ್ಯಾಪಕರು ಒಳ್ಳೆಯ ಮನುಷ್ಯ, ಇಣುಕಿ ಇಣುಕಿ ನೋಡಿ, ಮಣ್ಣು ಉಜ್ಜಿ ನೋಡಿ, ಬೇಸರದಿಂದಲೇ ಹೇಳಿದರು. ಈ ಮಣ್ಣಿನಲ್ಲಿ ಹಳೆಯ ಕಾಲದ ಜನ ಇದ್ದ ಗುರುತಿಲ್ಲ, ಒಂದು ಮಡಕೆಯ ಚೂರೂ ಕಾಣುವುದಿಲ್ಲ, ಆಗ ಇದು ಬರೀ ಬಯಲಾಗಿತ್ತೇನೋ ಎಂದರು.

ಅಷ್ಟು ಸಾಕಾಯಿತು ಗೌಡನಿಗೆ. ರಾಜಧಾನಿಯಲ್ಲಿ ಬಯಲು ಎಂದರೆ ಆನೆಗಳು ಲದ್ದಿ ಹಾಕುವ ಜಾಗವೇ ಇರಬೇಕು ಎಂದು ಸಂಜೆಯೊಳಗೆ ಊರಿಗೆಲ್ಲ ಹಬ್ಬಿಸಿದ. ಯಾರೋ ಮಾಮಾನ ಮನೆಗೆ ಆನಿಲದ್ದಿ ಮಹಲು ಎಂದು ಹೆಸರಿಟ್ಟರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾಮಾ ನಗಲಿಲ್ಲ. ಊಟಕ್ಕೆ ಬಾ ಎಂದರೂ ಏಳದೆ ತಗ್ಗಿನ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಸಿಕ್ಕರೆ ತಾನೇ ಏನು ಮಾಡುತ್ತೀ, ಜೀಪಿನವರು ಒಯ್ಯುತ್ತಾರಲ್ಲ ಎಂದು ಕೇಳಿದೆ.

"ಒಯ್ಲಿ ಬಿಡವಾ. ನನಗೇನ್ ಮನ್ಯಾಗ ಇಟ್ಕೋಬೇಕಾಗಿಲ್ಲ," ಎಂದ. ದಂಡೆಯ ಒಂದು ಹೆಂಟೆಯನ್ನು ಕೈಯಲ್ಲಿ ಪುಡಿ ಮಾಡುತ್ತ ಮತ್ತೆ ಹೇಳಿದ: "ನಮ್ಮ ಜಾಗಾದಾಗ ನಮಗಿಂತ ಮೊದಲ ಯಾರರೆ ಇದ್ರೋ ಇಲ್ಲೋ? ಕುಂತು ರೊಟ್ಟಿ ತಿಂದ್ರೋ ಇಲ್ಲೋ? ಎಲ್ಲಾರ ಮನ್ಯಾಗ ಇದ್ರು, ನಮ್ಮ ಮನ್ಯಾಗ ಅಷ್ಟೇ ಯಾರೂ ಬರಲಿಲ್ಲೇನು? ಒಮ್ಮಿ, ಒಬ್ಬರದು ಮಾರಿ ಕಂಡ್ರ ಸಾಕು."

ಅಲ್ಲಿಯವರೆಗೆ ನಾನು ಅದನ್ನು ಹುಚ್ಚು ಎಂದುಕೊಂಡಿದ್ದೆ. ಆಮೇಲೂ ಹುಚ್ಚೇ ಎಂದುಕೊಂಡೆ, ಆದರೆ ಅವನಿಗೊಂದು ಮುಖ ಸಿಗಲಿ ಎಂದು ನಾನೂ ಬಯಸತೊಡಗಿದೆ.

ಹಿಂದಿನ ಬೇಸಿಗೆಯಲ್ಲಿ ಫೋನು ಬಂತು. ಸಿಕ್ಕಿದೆ, ಜಲ್ದಿ ಬಾ ಎಂದಷ್ಟೇ ಹೇಳಿ ಇಟ್ಟ. ನಾನು ಕುಕ್ಕರ್ ಒಲೆಯ ಮೇಲಿಂದ ಇಳಿಸಿ, ಮನೆಯವರಿಗೆ ಚೀಟಿ ಬರೆದಿಟ್ಟು, ಸಿಕ್ಕ ಪ್ಯಾಸೆಂಜರ್ ಗಾಡಿ ಹತ್ತಿದೆ. ಹೋಗಿ ನೋಡಿದರೆ ಕೊಟ್ಟಿಗೆಯಲ್ಲಿ ಕಾಲಿಡಲು ಜಾಗವಿಲ್ಲ. ದನಗಳನ್ನು ಹೊರಗೆ ಕಟ್ಟಿ ಊರೇ ಒಳಗೆ ನಿಂತಿತ್ತು. ಮಾಮಾ ಮಂಡಿಯುದ್ದ ಅಗೆದಿದ್ದ ಜಾಗದಲ್ಲಿ ಒಂದು ದೊಡ್ಡ ಚಪ್ಪಟೆ ಪರಸಿ ಕಲ್ಲು. ಅದರ ಮೇಲೆ ಹಾರೆಯಿಂದ ಬಡಿದರೆ ಕೆಳಗಿನಿಂದ ಢಂ ಢಂ ಎಂದು ಟೊಳ್ಳು ಸದ್ದು!

ನಿಮಗೆ ಇದರ ಅರ್ಥ ಆಗದಿದ್ದರೆ ನೀವು ಕೋಟೆಯಿರುವ ಊರಿನವರಲ್ಲ. ಕೋಟೆಯಿರುವ ಊರಿನಲ್ಲಿ ಟೊಳ್ಳು ಸದ್ದು ಎಂದರೆ ಸುರಂಗ. ಮಳಖೇಡದ ಪ್ರತಿ ಮುತ್ಯಾನಿಗೂ ಆ ಸುರಂಗ ಗೊತ್ತು, ಯಾರೂ ನೋಡಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಎಂಬುದು ಹೇಳುವವರ ಉಮೇದಿನ ಮೇಲೆ ನಿಂತಿದೆ. ಕೆಲವರದು ಕಾಗಿಣಾ ನದಿಯಲ್ಲಿ ಮುಗಿಯುತ್ತದೆ, ಕೆಲವರದು ಸೇಡಮ್ಮಿಗೆ ಹೋಗುತ್ತದೆ, ಇನ್ನು ಕೆಲವರದು ಬೀದರ್ ದಾಟಿದರೂ ನಿಲ್ಲುವುದಿಲ್ಲ. ಆ ಸುರಂಗದ ಬಾಗಿಲು ಮಾಮಾನ ಎಮ್ಮೆಯ ಕಾಲಡಿಯಲ್ಲಿ ಸಿಕ್ಕಿತ್ತು. ಕಾಯಿ ಒಡೆದರು, ಕಲ್ಲಿಗೆ ಕುಂಕುಮ ಹಚ್ಚಿದರು. ಗೌಡ ಆನೆಯ ಲದ್ದಿಯ ಮಾತನ್ನೆಲ್ಲ ಮರೆತು ಮನೆಯಿಂದ ಬಾವಿಯ ಹಗ್ಗ ತಂದುಕೊಟ್ಟ. ಹಾರೆ ಹಾಕಿ ಕಲ್ಲು ಸರಿಸಿದರೆ ದುಂಡನೆಯ ಕಪ್ಪು ಬಾಯಿ. ಒಳಗೆ ಗಾಳಿ ಹೇಗಿದೆಯೋ ಎಂದು ಮೊದಲು ಕಂದೀಲು ಇಳಿಬಿಟ್ಟರು, ಅದು ಆರಲಿಲ್ಲ. ಆಮೇಲೆ ಮಾಮಾ ಧೋತರ ಕಚ್ಚೆ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ನಾವೆಲ್ಲ ಆ ಬಾಯಿಯ ಸುತ್ತ ಬಗ್ಗಿದೆವು. ಗೋಡೆ ದುಂಡಗಿದೆ ಎಂದು ಕೆಳಗಿನಿಂದ ಕೂಗಿ ಹೇಳಿದ. ಚೆನ್ನಾಗಿ ಮೆತ್ತಿದ್ದಾರೆ ಎಂದ. ಬಹಳ ಹೊತ್ತಿನ ಮೇಲೆ, ಸಣ್ಣ ದನಿಯಲ್ಲಿ, ಮುಂದೆ ದಾರಿಯಿಲ್ಲ ಎಂದ.

ಮೇಲೆ ಬಂದವನ ಮುಷ್ಟಿಯಲ್ಲಿ ಕಪ್ಪುಗಟ್ಟಿದ ನಾಲ್ಕು ಕಾಳು ಇದ್ದವು. ಜೋಳ! ಗೌಡ ಸೋಲೊಪ್ಪುವವನಲ್ಲ, ಹಾಗಾದರೆ ಇದು ರಾಜರ ಉಗ್ರಾಣವೇ ಇರಬೇಕು ಎಂದ. ಎಲ್ಲರಿಗೂ ಅದು ಸರಿಯೆನ್ನಿಸಿತು. ಮಾಮಾನ ಮುಖ ಮತ್ತೆ ಅರಳಿತು. ಅಷ್ಟರಲ್ಲಿ, ಅಲ್ಲಿಯವರೆಗೂ ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತಿ, ಕೈಯ ಹಿಟ್ಟು ಕೊಡವುತ್ತ ಬಂದು ಬಾಗಿಲಲ್ಲಿ ನಿಂತಳು.

"ರಾಜರದೆಲ್ಲಿದು? ನಮ್ಮ ಮಾವನವರ ಹಗೇವು. ನಾ ಮದುವಿಯಾಗಿ ಬಂದ ವರ್ಷ ಇದರಾಗೇ ಜ್ವಾಳ ತುಂಬಿದ್ರು. ನೀವ್ ರಾವೂರಾಗ ಇದ್ರಿ."

ಹಗೇವು ಎಂದರೆ ಹಿಂದಿನವರು ಜೋಳ ಕೆಡದಂತೆ ನೆಲದೊಳಗೆ ತುಂಬಿಡುತ್ತಿದ್ದ ಕಣಜ. ಊರು ಒಬ್ಬೊಬ್ಬರಾಗಿ ಕರಗಿತು. ಗೌಡ ಹಗ್ಗ ಸುತ್ತಿಕೊಂಡು ಹೋದ. ಮಾಮಾ ಕಾಳುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಎಮ್ಮೆಯ ಗೋದಲಿಯ ಮೇಲೆ ಕುಳಿತುಬಿಟ್ಟ.

ನನಗೆ ಅತ್ತಿಯ ಮೇಲೆ ಸಿಟ್ಟೇ ಬಂತು. ಅಡುಗೆಮನೆಗೆ ಹೋಗಿ, ಗೊತ್ತಿದ್ದೂ ಮೊದಲ ದಿನವೇ ಯಾಕೆ ಹೇಳಲಿಲ್ಲ, ಊರ ಮುಂದೆ ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿದಳು.

"ಊರ ಮಂದಿ ಬರ್ತಾರಂತ ನನಗೇನ್ ಗೊತ್ತಿತ್ತು? ದಿನಾ ಮುಂಜಾನಿ ಎದ್ದು ಹಾಡ್ಕೋತ ತೋಡ್ಲಿಕತ್ತಿದ್ರು. ಭಾಳ ಖುಷಿಲಿದ್ರು. ನಡುವ ಯಾಕ ಹೇಳಬೇಕು, ಇರ್ಲಿ ಅಂತ ಬಿಟ್ಟೆ."

ಊಟಕ್ಕೆ ಕುಳಿತಾಗ ಮಾಮಾ ಆಗಲೇ ಸುಧಾರಿಸಿಕೊಂಡಿದ್ದ. ಆ ಹಗೇವಿನ ಗೋಡೆಗೆ ಏನು ಹಚ್ಚಿ ಮೆತ್ತಿದ್ದರು, ಇಷ್ಟು ವರ್ಷವಾದರೂ ಒಂದು ಬಿರುಕಿಲ್ಲವಲ್ಲ ಎಂದು ಅತ್ತಿಯನ್ನು ಕೆದಕಿ ಕೆದಕಿ ಕೇಳುತ್ತಿದ್ದ. ಅವಳು ಇನ್ನೊಂದು ರೊಟ್ಟಿ ಹಾಕುತ್ತ, ಹುಲ್ಲು, ಬೂದಿ, ಕೆಮ್ಮಣ್ಣು ಎಂದು ಹೇಳುತ್ತಿದ್ದಳು. ಮರುದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಹಿತ್ತಲಲ್ಲಿ ಗುದ್ದಲಿಯ ಸದ್ದು ಮತ್ತೆ ಕೇಳಿಸುತ್ತಿತ್ತು.

ಈ ಚಳಿಗಾಲದಲ್ಲಿ ಅತ್ತಿ ತೀರಿಕೊಂಡಳು. ಮೈ ಬೆಚ್ಚಗಿದೆ ಎಂದು ಮಧ್ಯಾಹ್ನ ಮಲಗಿದವಳು ಮತ್ತೆ ಏಳಲಿಲ್ಲ. ನಾನು ಹೋದಾಗ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಯ ತುಂಬ ವಿಭೂತಿ ಇತ್ತು. ಮಾಮಾ ಪಕ್ಕದಲ್ಲಿ ಕುಳಿತಿದ್ದ. ನನ್ನನ್ನು ನೋಡಿ ಬಾ ಎಂದ, ಬೇರೆ ಏನನ್ನೂ ಕೇಳಲಿಲ್ಲ.

ನಮ್ಮಲ್ಲಿ ಸುಡುವುದಿಲ್ಲ. ಹೊಲದಲ್ಲಿ ಸಮಾಧಿ ತೋಡಿ, ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು, ಕೈಯಲ್ಲಿ ಲಿಂಗವಿಟ್ಟು ಕೂರಿಸುತ್ತೇವೆ. ಮಾಮಾನ ಹೊಲದ ಬದುವಿನಲ್ಲಿ ಅವನ ಅಪ್ಪ, ಅವ್ವ, ಅದಕ್ಕೂ ಹಿಂದಿನವರು ಎಲ್ಲ ಇರುವುದು ಒಂದೇ ಕಡೆ. ಇಡೀ ಆಸ್ತಿಯಲ್ಲಿ ಮಾಮಾ ಒಮ್ಮೆಯೂ ಗುದ್ದಲಿ ಮುಟ್ಟಿಸದ ಜಾಗ ಅದೊಂದೇ. ಭಜನೆಯವರ ಹಿಂದೆ ನಾವು ಅತ್ತಿಯನ್ನು ಕರೆದುಕೊಂಡು ಅಲ್ಲಿಗೆ ಹೋದಾಗ, ತೋಡುವವರು ಕೆಲಸ ಮುಗಿಸಿ ಸುಮ್ಮನೆ ನಿಂತಿದ್ದರು. ಗೌಡ ಮುಂದೆ ಬಂದು ಮಾಮಾನ ಕೈ ಹಿಡಿದು ದಂಡೆಗೆ ಕರೆದೊಯ್ದ. ನಾನೂ ಹಿಂದೆ ಹೋಗಿ ನೋಡಿದೆ.

ಗೂಡಿನ ಎದುರಿನ ಗೋಡೆಯಲ್ಲಿ ಒಂದು ಕಲ್ಲು ಹೊರಗೆ ಬಂದಿತ್ತು. ಗೆಜ್ಜೆ ತೊಟ್ಟ ಒಂದು ಪಾದ. ಬೆರಳುಗಳ ಉಗುರು ಕೂಡ ಕಾಣುವಂತೆ ಕೆತ್ತಿದ್ದರು. ಪಕ್ಕದಲ್ಲಿ ಒಂದು ಬಳ್ಳಿ ಮೇಲಕ್ಕೆ ಹೋಗಿತ್ತು. ಆ ಪಾದ ಯಾರದು ಎಂಬುದು ಇನ್ನೂ ಮಣ್ಣಿನೊಳಗಿತ್ತು.

"ತಡಾ ಆಗಂಗಿಲ್ಲ," ಎಂದ ಗೌಡ, ಮೆಲ್ಲಗೆ. "ಹಾರಿ ಹಾಕಿದ್ರ ಬರ್ತದ. ಅಕ್ಕಗ ಬಾಜೂಕ ಬ್ಯಾರೆ ತೋಡ್ತೀವಿ."

ಮಾಮಾ ಸಮಾಧಿಯೊಳಗೆ ಇಳಿದ. ಕಲ್ಲಿನ ಮುಂದೆ ಕುಳಿತು ಧೋತರದ ಚುಂಗಿನಿಂದ ಆ ಪಾದದ ಮಣ್ಣು ಒರೆಸಿದ. ಬಹಳ ಹೊತ್ತು ನೋಡಿದ. ಜನ್ಮವೆಲ್ಲ ಕಾದದ್ದು ಅವನ ಕೈಯ ಕೆಳಗಿತ್ತು, ಅರ್ಧ ಗಂಟೆ ಕೆದಕಿದರೆ ಮುಖವೂ ಕಾಣುತ್ತಿತ್ತು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅವನು ತಲೆಯೆತ್ತಿ, ಅತ್ತಿಯ ಕಡೆ ಕೈ ತೋರಿಸಿ, ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರನ್ನು ಕೇಳಿದ.

"ಇಕೀ ಮಾರಿ ಈ ಕಡೀಗೇ ಬರ್ತದಲ್ರಿ?"

ಅಯ್ಯನವರು ಹೌದು ಎಂದರು.

"ಹಂಗಾದ್ರ ಕಲ್ಲಿಗಿ ಯಾರೂ ಕೈ ಹಚ್ಚಬ್ಯಾಡ್ರಿ."

ಅತ್ತಿಯನ್ನು ಇಳಿಸಿ ಗೂಡಿನಲ್ಲಿ ಕೂರಿಸಿದರು. ವಿಭೂತಿ, ಬಿಲ್ವಪತ್ರೆ ಎಲ್ಲ ಆಯಿತು. ಅವಳ ಮುಖ ಆ ಪಾದಕ್ಕೆ ನೇರವಾಗಿತ್ತು. ಮೊದಲ ಹಿಡಿ ಮಣ್ಣು ಹಾಕಲು ಮಾಮಾ ಬಗ್ಗಿದಾಗ ಗೌಡನಿಗೆ ತಡೆಯಲಾಗಲಿಲ್ಲ. ಒಮ್ಮೆಯಾದರೂ ಯಾರೆಂದು ನೋಡಬಾರದೇನೋ, ಮುಚ್ಚಿದ ಮೇಲೆ ಮತ್ತೆ ಸಿಗುತ್ತದೆಯೇ ಎಂದು ಅವನ ತೋಳು ಹಿಡಿದುಕೊಂಡ. ಗೌಡ ಅಳುತ್ತಿದ್ದ, ನಾನೂ ಅಳುತ್ತಿದ್ದೆ.

"ಅಕಿ ನೋಡ್ತಾಳ," ಎಂದ ಮಾಮಾ. "ನಾ ಹೋದಾಗ ಹೇಳ್ತಾಳ."

ಹೇಳಿ, ಮಣ್ಣು ಹಾಕಿದ.